ಗಂಡನಿಗೆ ಒಂದು ಕಥೆ, ಹೆಂಡತಿಗೆ ಇನ್ನೊಂದು

ಮಾನ್ಯರೇ,

ಕದ್ದುಮುಚ್ಚಿ ನಡೆಯುವ ಸಂಬಂಧಗಳ ಬಗ್ಗೆ ಸಿನಿಮಾ ಬರಲೇಬಾರದು ಎನ್ನುವವಳು ನಾನಲ್ಲ. ಸಂಸಾರದಲ್ಲಿ ಇರುವುದು ಪರದೆಯ ಮೇಲೂ ಬರಲಿ. ನಮ್ಮ ಕಾಸರಗೋಡಿನವರು ಕನ್ನಡ, ಮಲಯಾಳ, ತುಳು ಮೂರೂ ನೋಡುತ್ತೇವೆ. ಮೂರರಲ್ಲೂ ನನಗೆ ಕಾಣುವ ತಾರತಮ್ಯ ಒಂದೇ. ಗಂಡ ದಾರಿ ತಪ್ಪಿದರೆ ಅದು ಹಾಸ್ಯ. ಸುಳ್ಳು ಫೋನು, ಓಡಾಟ, ಕೊನೆಗೆ ಒಂದು ಕ್ಷಮೆ. ಹೆಂಡತಿ ತಪ್ಪಿದರೆ ಅವಳು ಸಾಯಬೇಕು, ಇಲ್ಲವೇ ಕೊಲೆಗಾತಿ ಆಗಬೇಕು.

ಇದರ ಬಿಸಿ ನಮ್ಮಲ್ಲಿ ತಟ್ಟುವುದು ಗಲ್ಫಿಗೆ ಹೋದವರ ಮನೆಗಳಿಗೆ. ಬದಿಯಡ್ಕ, ಕುಂಬಳೆ, ಉಪ್ಪಳದ ಕಡೆ ಇಂಥ ಮನೆಗಳು ಎಷ್ಟೋ ಇವೆ. ಅತ್ತೆಯನ್ನು ಡಾಕ್ಟರ ಬಳಿ ಕರೆದೊಯ್ಯುವುದು, ಬ್ಯಾಂಕಿನ ಕೆಲಸ, ಮಕ್ಕಳ ಶಾಲೆ, ಹೊಸ ಮನೆಯ ಕಲ್ಲು ಮರಳು, ಎಲ್ಲವೂ ಆ ಹೆಂಗಸಿನ ತಲೆ ಮೇಲೆ. ಸಿನಿಮಾದವರಿಗೆ ಇದೊಂದೂ ಕಾಣುವುದಿಲ್ಲ. ಗಂಡ ಊರಲ್ಲಿಲ್ಲ, ಅಷ್ಟೇ ಸಾಕು ಅವರ ಕಥೆಗೆ. ಅಂಥದ್ದೊಂದು ಸಿನಿಮಾ ಬಂದ ಮೇಲೆ ಪಂಪ್ ರಿಪೇರಿಯವನು ಅಂಗಳದಲ್ಲಿ ಎಷ್ಟು ಹೊತ್ತು ನಿಂತ ಎಂದು ನೆರೆಯವರು ನೋಡತೊಡಗುತ್ತಾರೆ. ಅಲ್ಲಿ ವರ್ಷಗಟ್ಟಲೆ ಒಬ್ಬನೇ ಇರುವ ಗಂಡನ ಬಗ್ಗೆ ಯಾರಾದರೂ ಕೇಳುತ್ತಾರಾ? ಸುಮ್ನೆ ಹೇಳುತ್ತಿಲ್ಲ, ಇಂಥ ಮಾತಿಗೆ ಹೆದರಿ ಪೇಟೆಗೆ ಹೋಗುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ಕನ್ನಡದಲ್ಲಿ ಪುಟ್ಟಣ್ಣ ಕಣಗಾಲ್ 1971ರಲ್ಲೇ ‘ಶರಪಂಜರ’ ಮಾಡಿದ್ದರು, ತ್ರಿವೇಣಿಯವರ ಕಾದಂಬರಿಯಿಂದ. ಅದರ ನಾಯಕಿ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ಮರಳಿ ಬರುತ್ತಾಳೆ. ಗಂಡನಿಗೆ ಇನ್ನೊಬ್ಬಳ ಸಹವಾಸ ಇರುವುದು ಅವಳಿಗೆ ತಿಳಿಯುತ್ತದೆ. ಮತ್ತೆ ಮನಸ್ಸು ಕೆಡುವುದು ಅವಳದೇ. ನೋಡಿದವರು ಅಲ್ಲಿ ನಗಲಿಲ್ಲ, ಅವಳ ನೋವು ಅವರಿಗೆ ಮುಟ್ಟಿತು. 1982ರ ಹಿಂದಿಯ ‘ಅರ್ಥ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೇರೆಯವಳ ಜೊತೆ ಹೋಗಿ ಮರಳಿದ ಗಂಡನಿಗೆ ಹೆಂಡತಿ ಕೇಳುತ್ತಾಳೆ, ನಾನು ಹೀಗೆ ಮಾಡಿ ಬಂದಿದ್ದರೆ ನೀನು ಸೇರಿಸಿಕೊಳ್ಳುತ್ತಿದ್ದೆಯಾ ಎಂದು. ಅವನು ಇಲ್ಲ ಎನ್ನುತ್ತಾನೆ. ಅವಳು ಅವನನ್ನು ಒಪ್ಪುವುದಿಲ್ಲ.

ಕಾನೂನಿನಲ್ಲೂ ಈ ತಾರತಮ್ಯ ಇತ್ತು. 1860ರ ದಂಡ ಸಂಹಿತೆಯ 497ನೇ ಕಲಮಿನಡಿ, ತನ್ನ ಹೆಂಡತಿಯ ಜೊತೆ ಸಂಬಂಧ ಇಟ್ಟುಕೊಂಡ ಪರಪುರುಷನ ಮೇಲೆ ಗಂಡ ದೂರು ಕೊಡಬಹುದಿತ್ತು. ಗಂಡನೇ ದಾರಿ ತಪ್ಪಿದರೆ ಹೆಂಡತಿಗೆ ಆ ಹಕ್ಕಿರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಈಗ ಅಂಥ ಸಂಬಂಧ ಅಪರಾಧವಲ್ಲ, ಆದರೆ ವಿಚ್ಛೇದನ ಕೇಳಲು ಇಬ್ಬರಿಗೂ ಕಾರಣ. ಸಿನಿಮಾದಲ್ಲಿ ಮಾತ್ರ ಹಳೇ ಕಲಮೇ ನಡೆಯುತ್ತಿದೆ.

ಕಥೆ ಬರೆಯುವವರು ಒಮ್ಮೆ ನಮ್ಮ ಕಡೆಯ ತಾಳಮದ್ದಳೆಗೆ, ಅಂದರೆ ವೇಷ ಕುಣಿತವಿಲ್ಲದೆ ಹಾಡು ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ, ಬಂದು ಕೂರಲಿ. ಅಲ್ಲಿ ಪಾತ್ರದ ಮಾತನಾಡುವ ಒಳ್ಳೆಯ ಅರ್ಥಧಾರಿಗೆ ಅಹಲ್ಯೆಯ ಪಾತ್ರ ಸಿಕ್ಕರೆ ಗೌತಮನನ್ನೂ ಪ್ರಶ್ನೆ ಕೇಳಿ ನಿಲ್ಲಿಸುತ್ತಾರೆ. ಆ ಹೆಂಗಸಿಗೂ ಹೇಳಲು ಮಾತಿದೆ ಅಲ್ವಾ? ನಿಮ್ಮ ಪತ್ರಿಕೆಯಲ್ಲಿ ಸಿನಿಮಾ ವಿಮರ್ಶೆ ಬರೆಯುವವರಲ್ಲೂ ಒಂದು ವಿನಂತಿ. ಹಾಡು, ಫೈಟು, ಕ್ಯಾಮೆರಾದ ಜೊತೆಗೆ, ಇಂಥ ಕಥೆಯಲ್ಲಿ ಹೆಂಡತಿಗೆ ಬಾಯಿ ಇತ್ತೇ ಇಲ್ಲವೇ ಎಂಬುದನ್ನೂ ದಯವಿಟ್ಟು ಬರೆಯಿರಿ.

— ಒಬ್ಬ ಓದುಗಳು, ಬದಿಯಡ್ಕ, ಕಾಸರಗೋಡು ಜಿಲ್ಲೆ