ಮುಖ ನೋಡದವರ ಜೊತೆಗೂ ನಂಟು ಬೆಳೆಯುತ್ತೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಲ್ಲೇ ಇದೆ. "ಅಮ್ಮಾ, ಇಷ್ಟು ವರ್ಷದಿಂದ ಇದೇ ಕೋಣೆಯಲ್ಲಿ ಕೂತು ಕೆಲಸ ಮಾಡ್ತಿದೀನಿ, ನಾಳೆ ಕೆಲಸ ಹೋದ್ರೆ ಕೇಳೋಕೆ ಒಬ್ರೂ ಇಲ್ಲ" ಅಂದೆ. ಪಕ್ಕದ ಟೀಮಿನವರನ್ನು ಒಂದೇ ದಿನದಲ್ಲಿ ತೆಗೆದರು ಅಂತಲೂ ಹೇಳಿದೆ. ನಾನು "ಏನೂ ಆಗಲ್ಲ ಬಿಡು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ಬೇಜಾರಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಸಾಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದ ಊರಿನ ಕಾಲ್ ಜೋಡಿಸುವ ಟ್ರಂಕ್ ಬೋರ್ಡ್ ಮುಂದೆ ಕೂತ ದಿನಗಳನ್ನು ನೀನು ನೋಡಿಲ್ಲ. ತಲೆಗೆ ಹೆಡ್‌ಸೆಟ್, ಕೈಯಲ್ಲಿ ಬೋರ್ಡಿಗೆ ಚುಚ್ಚುವ ವಯರು, ಎದುರಿಗೆ ಕಾಲ್ ಬರೆದುಕೊಳ್ಳುವ ಟಿಕೆಟ್ ಚೀಟಿಗಳ ಕಟ್ಟು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಅವಸರಕ್ಕೆ ತಕ್ಕ ಕಾಲ್‌ಗಳು. ಹೊರಗಿನ ಊರಿಗೆ ಬೇಕಾದರೆ ಶಿವಮೊಗ್ಗದ ಆಪರೇಟರನ್ನು ಕೇಳಬೇಕಿತ್ತು. ಅಲ್ಲಿ ರಾತ್ರಿ ಪಾಳಿಗೆ ಒಬ್ಬರು ಬರುತ್ತಿದ್ದರು. ನಾನು ಅವರಿಗೆ "ಸಾಗರ", ಅವರು ನನಗೆ "ಶಿವಮೊಗ್ಗ". ಆರು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಂದು ಮಳೆಗಾಲದ ರಾತ್ರಿ ಒಬ್ಬ ಹುಡುಗ ನೆನೆದುಕೊಂಡು ಬಂದ. ಮುಂಬೈಯಲ್ಲಿ ಅಪ್ಪ ಸೀರಿಯಸ್. ಲೈನುಗಳೆಲ್ಲ ಬ್ಯುಸಿ. ಶಿವಮೊಗ್ಗದವರು ಬಿಡದೆ ಪ್ರಯತ್ನ ಮಾಡಿ ಇಪ್ಪತ್ತು ನಿಮಿಷದಲ್ಲಿ ಲೈನ್ ಕೊಟ್ಟರು. ಆಮೇಲೆ ಕೇಳಿದ್ದಕ್ಕೆ, "ನೀವು ನಂಬರ್ ನಿಧಾನಕ್ಕೆ, ಎರಡು ಸಲ ಹೇಳ್ತೀರಿ, ನನ್ನ ಕೆಲಸ ಹಗುರ ಆಗತ್ತೆ, ನನ್ನ ಮಗಳ ಕೆಮ್ಮು ಹೇಗಿದೆ ಅಂತ ನೆನಪಿಟ್ಟು ಕೇಳ್ತೀರಿ, ನಿಮಗೆ ಮಾಡದೆ ಇನ್ಯಾರಿಗೆ ಮಾಡಲಿ" ಅಂದರು. ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟ್ ಮಾಡುವ ನಿನ್ನ ಕೆಲಸವೂ ಹೀಗೇ ಅಲ್ವಾ? ಆ ಕಡೆ ಕೂತವರಿಗೆ ನೀನು ಕಾಣುವುದು ನಿನ್ನ ಮೆಸೇಜಿನಲ್ಲಿ, ತಪ್ಪು ಎಲ್ಲಿದೆ ಅಂತ ತೋರಿಸಿ ನೀನು ಬರೆದ ಬಗ್ ರಿಪೋರ್ಟಿನಲ್ಲಿ ಮಾತ್ರ.

2020ರ ಜನವರಿ 31ಕ್ಕೆ ಬಿಎಸ್‌ಎನ್‌ಎಲ್‌ನಿಂದ ಸ್ವಯಂ ನಿವೃತ್ತಿ, ಅಂದರೆ ವಿಆರ್‌ಎಸ್ ತೆಗೆದುಕೊಂಡು ಹೊರಗೆ ಬಂದವರು ದೇಶದಲ್ಲಿ 78 ಸಾವಿರಕ್ಕೂ ಜಾಸ್ತಿ ಜನ, ಅದರಲ್ಲಿ ನಾನೂ ಒಬ್ಬಳು. ಆಗ ನನಗೆ ಸೊಸೈಟಿಯ ಲೆಕ್ಕ ಬರೆಯುವ ಕೆಲಸದ ಸುದ್ದಿ ಕೊಟ್ಟವರು ಯಾರು ಗೊತ್ತಾ? ತೀರ್ಥಹಳ್ಳಿಯ ಹಳೆಯ ಆಪರೇಟರ್. ವರ್ಷಕ್ಕೊಮ್ಮೆ ದೀಪಾವಳಿಗೆ ಒಂದು ಕಾಗದ, ಅಷ್ಟೇ ನಮ್ಮ ಬಳಕೆ. ದಿನಾ ಜೊತೆಗೆ ಊಟ ಮಾಡಿದ ಗೆಳತಿಯರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು, ಹೊಸ ಸುದ್ದಿ ಅವರಲ್ಲಿ ಎಲ್ಲಿಂದ ಬರಬೇಕು!

ಇದನ್ನೇ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದಾರೆ. ಪರಿಚಯದವರಿಂದ ಕೆಲಸ ಸಿಕ್ಕವರನ್ನು ಬಾಸ್ಟನ್ ಹತ್ತಿರ ಕೇಳಿ ನೋಡಿದರೆ, ಆಗಾಗ ಸಿಗುವವರಿಂದ ಸುದ್ದಿ ಬಂದದ್ದು ನೂರಕ್ಕೆ 17 ಜನಕ್ಕೆ ಮಾತ್ರ. ಉಳಿದವರಿಗೆಲ್ಲ ಅಪರೂಪಕ್ಕೆ, ಇಲ್ಲಾ ಯಾವಾಗಲೋ ಒಮ್ಮೆ ಸಿಗುವವರಿಂದ. 2022ರಲ್ಲಿ ಪ್ರಕಟವಾದ, ಕೆಲಸದ ಪರಿಚಯಗಳ ಜಾಲತಾಣ ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ನಡೆದ ಅಧ್ಯಯನವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ತೀರಾ ಹತ್ತಿರದವರೂ ಬೇಡ, ಗುರುತೇ ಇಲ್ಲದವರೂ ಬೇಡ, ಸ್ವಲ್ಪ ಪರಿಚಯ ಇರುವವರೇ ಜಾಸ್ತಿ ಉಪಯೋಗಕ್ಕೆ ಬರುತ್ತಾರೆ.

ಅಂಥವರು ನಿನಗೆ ಇದ್ದಾರೆ ಕಣೇ. ಮೊದಲ ಕಂಪನಿಯಲ್ಲಿ ನಿನಗೆ ಟೆಸ್ಟಿಂಗ್ ಕಲಿಸಿ ಪುಣೆಗೆ ಹೋದ ಹುಡುಗಿ. ಕೆಲಸ ಬಿಟ್ಟು ಹೋದ ಹಳೆಯ ಟೀಮ್ ಲೀಡ್. ಪಕ್ಕದ ಟೀಮಿನಿಂದ ಈಗ ತಾನೇ ಹೊರಗೆ ಬಿದ್ದವರು, ಅವರಿಗೆ ಇವತ್ತೇ ಬರಿ. "ಕೆಲಸ ಇದೆಯಾ" ಅಂತ ಯಾರಿಗೂ ಮೊದಲ ಮೆಸೇಜಿನಲ್ಲೇ ಕೇಳಬೇಡ. ಸುಮ್ನೆ "ಹಾಯ್" ಅಂತಲೂ ಹಾಕಬೇಡ. "ನೀವು ಅವತ್ತು ಹೇಳಿಕೊಟ್ಟ ಹಾಗೆ ಮಾಡಿದೆ, ಪೇಮೆಂಟ್ ಎರಡು ಸಲ ಕಡಿತ ಆಗುತ್ತಿದ್ದ ಬಗ್ ಸಿಕ್ಕಿತು, ಥ್ಯಾಂಕ್ಸ್" ಅಂತ ಎರಡು ಸಾಲು ಸಾಕು. ಓದಿದವರಿಗೆ ನಿನ್ನ ಹೆಸರಿನ ಜೊತೆ ನಿನ್ನ ಕೆಲಸವೂ ನೆನಪಿರುತ್ತದೆ. ಲಿಂಕ್ಡ್‌ಇನ್ ಪ್ರೊಫೈಲಿನಲ್ಲೂ "ಶ್ರಮಜೀವಿ" ಅಂತೆಲ್ಲ ಇರುವುದನ್ನು ತೆಗೆದು ಏನು ಟೆಸ್ಟ್ ಮಾಡುತ್ತೀಯ ಅಂತ ಬರಿ. ಕಂಪನಿಯ ಒಳಗಿನ ವಿಷಯ ಮಾತ್ರ ಹೊರಗೆ ಹಾಕಬೇಡ.

ಇನ್ನೊಂದು ನನಗೆ ಬಹಳ ದಿನದಿಂದ ಹೇಳಬೇಕು ಅಂತಿತ್ತು. ದಸರಾಕ್ಕೆ ಬಂದಾಗ ನನ್ನ ಮೊಬೈಲಿನಲ್ಲಿ ಒಂದು ಪಿಡಿಎಫ್ ತೆಗೆದು ತೋರಿಸಿದೆ. "ಪ್ರಾರ್ಥನೆ" ಅನ್ನುವ ಪದ ಕಾಪಿ ಮಾಡಿ ಅಂಟಿಸಿದರೆ ಒತ್ತು ಒಂದು ಕಡೆ, ಅರ್ಕಾವೊತ್ತು ಒಂದು ಕಡೆ ಚೆಲ್ಲಾಪಿಲ್ಲಿ. ನಾನು ಬರೀ ನೋಡಿ ಬಿಟ್ಟೆ, ನೀನು ಮಾತ್ರ ಅರ್ಧ ಗಂಟೆ ಕೂತು ಯಾವ ಅಕ್ಷರಕ್ಕೆ ಏನಾಗುತ್ತದೆ ಅಂತ ಪಟ್ಟಿ ಮಾಡಿದೆ. ಆ ಪಟ್ಟಿ ಈಗೆಲ್ಲಿದೆ? ಕನ್ನಡ ಓದಲು ಬರದ ಟೆಸ್ಟರ್ ಎಷ್ಟೇ ಜಾಣನಾದರೂ ಆ ತಪ್ಪು ಅವನ ಕಣ್ಣಿಗೆ ಬೀಳುವುದಿಲ್ಲ. ಸಾಫ್ಟ್‌ವೇರ್ ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕೋಡ್ ತೆರೆದಿಟ್ಟ ಓಪನ್ ಸೋರ್ಸ್ ಪ್ರಾಜೆಕ್ಟುಗಳಿಗೆ ಯಾರು ಬೇಕಾದರೂ ಇಂಥದ್ದನ್ನು ಬರೆದು ಹಾಕಬಹುದು ಅಂತ ನೀನೇ ಹೇಳಿದ್ದೆ. ಸ್ಕ್ರೀನ್‌ಶಾಟ್ ಹಾಕು, ಏನು ಬರಬೇಕಿತ್ತು, ಏನು ಬಂತು ಅಂತ ಹಂತ ಹಂತವಾಗಿ ಬರಿ. ಉತ್ತರ ತಡವಾಗಬಹುದು. ಬಂದರೆ, ಎಲ್ಲೋ ಇರುವ ಒಬ್ಬರಿಗೆ ನೀನು "ಸಾಗರ" ಆಗಿರುತ್ತೀಯ.

ಹುಷಾರಾಗೂ ಇರು. ಕೆಲಸ ಕೊಡುತ್ತೇವೆ, ಮೊದಲು ಹಣ ಕಟ್ಟಿ ಅಂದವರು ಮೋಸಗಾರರು, ಎರಡನೇ ಯೋಚನೆ ಬೇಡ. ಟೆಲಿಗ್ರಾಂಗೆ ಬಾ ಅಂದರೂ ಹೋಗಬೇಡ. ಹಣ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು. ಕೆಲಸದ ಮಾತು ಬಿಟ್ಟು ಬೇರೆ ಮಾತು ಶುರು ಮಾಡಿದವರನ್ನು ಬ್ಲಾಕ್ ಮಾಡು, ಕಾರಣ ಹೇಳುತ್ತಾ ಕೂರಬೇಕಾಗಿಲ್ಲ.

ಸಂಜೆ ಲಾಗೌಟ್ ಆಗುವ ಮೊದಲು ಹದಿನೈದು ನಿಮಿಷ ಇದಕ್ಕೆ ಇಡು, ಸಾಕು. ರಾತ್ರಿ ಎಲ್ಲ ಫೋನ್ ಹಿಡಿದುಕೊಂಡು ಕೂರಬೇಡ, ಮೊದಲೇ ಕಣ್ಣುನೋವು ನಿನಗೆ.

ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಇವತ್ತಿನ ಮೈಸೂರು ಬಸ್ಸಿಗೆ ಹಾಕಿದ್ದೇನೆ, ಬೆಳಿಗ್ಗೆ ಹೋಗಿ ಇಸಕೋ. ಪುಣೆಯ ಹುಡುಗಿ ಏನು ಬರೆದಳು ಅಂತ ಭಾನುವಾರ ಹೇಳು.

ಇಂತಿ ನಿನ್ನ
ಅಮ್ಮ