ತಗಡು ಹಚ್ಚಿದ ಕ್ಯಾಬಿನ್ ಪಾಸ್ ಆಗುತ್ತದೆ, ಬದಲಿಸಿದ ಕ್ಯಾಬಿನ್‌ಗೆ ನೂರು ಪ್ರಶ್ನೆ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ತುಕ್ಕು ಹಿಡಿದ ಹಳೇ ಪಿಕಪ್‌ಗಳು ಜಾಸ್ತಿಯಾಗಿವೆ, 15 ವರ್ಷ ದಾಟಿದ್ದನ್ನೆಲ್ಲ ಗುಜರಿಗೆ ಹಾಕಿಸಬೇಕು ಎಂದು ನಿಮ್ಮ ಓದುಗರೊಬ್ಬರು ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಬಾಗಿಲಿಗೆ ಹಗ್ಗ ಕಟ್ಟಿಕೊಂಡು, ಐಸ್ ನೀರು ಸುರಿಸಿಕೊಂಡು ಹೆದ್ದಾರಿ 66ರಲ್ಲಿ ಓಡುವ ಮೀನಿನ ಗಾಡಿಯ ಹಿಂದೆ ಬೈಕಿನಲ್ಲಿ ಹೋಗುವವರಿಗೆ ಇನ್ನೇನು ಅನ್ನಿಸಬೇಕು ಹೇಳಿ. ಆದರೆ ನಾನೂ ಅಂಥದ್ದೇ ಒಂದು ಪಿಕಪ್ ಇಟ್ಟುಕೊಂಡು ಮಲ್ಪೆ, ಗಂಗೊಳ್ಳಿ ಬಂದರು ಎಂದು ಓಡಾಡುವವನು. ಈ ವಿಷಯದಲ್ಲಿ ಎರಡು ಮಾತು ನನ್ನ ಕಡೆಯಿಂದಲೂ ಇರಲಿ.

ಮೊದಲನೆಯದಾಗಿ, 15 ವರ್ಷ ಆಯಿತು ಎಂದ ಮಾತ್ರಕ್ಕೆ ಖಾಸಗಿ ಸರಕು ಗಾಡಿಯನ್ನು ಗುಜರಿಗೆ ಹಾಕಲೇಬೇಕು ಎಂದು ನಮ್ಮ ರಾಜ್ಯದಲ್ಲಿ ಕಾನೂನಿಲ್ಲ. 15 ವರ್ಷದ ಮಿತಿ ಇರುವುದು ಸರ್ಕಾರಿ ಗಾಡಿಗಳಿಗೆ, ಅದು 2023ರ ಏಪ್ರಿಲ್‌ನಿಂದ. ನಮ್ಮಂಥವರಿಗೆ ಇರುವುದು ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂದು ಪರೀಕ್ಷೆ ಮಾಡಿ ಕೊಡುವ ಪತ್ರ. ಹೊಸ ಗಾಡಿಗೆ ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಗಾಡಿಗಳ ಶುಲ್ಕವನ್ನೂ ಚೆನ್ನಾಗಿ ಏರಿಸಿದ್ದಾರೆ. ಅಂದರೆ ಹಳೇ ಗಾಡಿ ಓಡಿಸುವವನು ಸುಮ್ನೆ ಓಡಿಸುತ್ತಿಲ್ಲ, ದುಡ್ಡು ಕಟ್ಟಿಯೇ ಓಡಿಸುತ್ತಿದ್ದಾನೆ.

ಈಗ ತುಕ್ಕಿನ ವಿಷಯ. ಇಲ್ಲಿ ವಯಸ್ಸು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಚಿತ್ರದುರ್ಗದ ಕಡೆ ಈರುಳ್ಳಿ ಹೊತ್ತ ಪಿಕಪ್‌ನಲ್ಲಿ ಎಂಜಿನ್ ಎರಡು ಸಲ ಬಿಚ್ಚಿರುತ್ತಾರೆ, ಡ್ರೈವರ್ ಕೂರುವ ಕ್ಯಾಬಿನ್ ಮಾತ್ರ ಗಟ್ಟಿ ಇರುತ್ತದೆ. ನಮ್ಮಲ್ಲಿ ತಿರುಗಾಮುರುಗ. ಎಂಜಿನ್, ಗೇರ್‌ಬಾಕ್ಸ್ ಎಲ್ಲ ಸರಿ ಇರುತ್ತವೆ, ಕೆಳಗಿನ ಚೌಕಟ್ಟು, ಅಂದರೆ ಚಾಸಿಯ ದಪ್ಪ ಉಕ್ಕೂ ತಾಳಿಕೊಂಡಿರುತ್ತದೆ, ಮೇಲಿನ ಕ್ಯಾಬಿನ್ ಮಾತ್ರ ಏಳೆಂಟು ವರ್ಷಕ್ಕೇ ಉದುರಲು ಶುರು. ಕ್ಯಾಬಿನ್ನಿನ ತಗಡು ಒಂದು ಮಿಲಿಮೀಟರಿನ ಆಸುಪಾಸು ಅಷ್ಟೆ. ಅದರ ಮೇಲೆ ಸಮುದ್ರದ ಗಾಳಿ, ವರ್ಷಕ್ಕೆ 4,000 ಮಿಲಿಮೀಟರ್ ಮೀರುವ ಮಳೆ, ಜೊತೆಗೆ ಮೀನಿನ ಬಾಕ್ಸಿನಿಂದ ಇಳಿಯುವ ಉಪ್ಪು ನೀರು. ಐಸ್ ಕರಗಿದ ನೀರು ಬರೀ ನೀರಲ್ಲ, ಮೀನಿನ ರಕ್ತ, ಉಪ್ಪು ಎಲ್ಲ ಸೇರಿರುತ್ತದೆ. ಇಳಿಜಾರಿನಲ್ಲಿ ಗಾಡಿ ಬ್ರೇಕ್ ಹಾಕಿದರೆ ಅದು ಮುಂದಕ್ಕೆ ಬಂದು ಕ್ಯಾಬಿನ್ನಿನ ಬೆನ್ನಿಗೇ ಬಡಿಯುತ್ತದೆ.

ಇನ್ನೊಂದು ಜಾಗ ಯಾರೂ ನೋಡುವುದಿಲ್ಲ, ಡ್ರೈವರ್ ಕಾಲಿನ ಕೆಳಗೆ. ಬಂದರಿನಲ್ಲಿ ನೀರು ತುಳಿದು ಬಂದ ಒದ್ದೆ ಚಪ್ಪಲಿಯಲ್ಲೇ ಹತ್ತಿ ಕೂರುತ್ತೇವೆ. ಆ ನೀರು ರಬ್ಬರ್ ಮ್ಯಾಟಿನ ಅಡಿಗೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಬಿಸಿಲು ಬಿದ್ದರೂ ಒಣಗುವುದಿಲ್ಲ, ಉಪ್ಪು ಗಾಳಿಯ ತೇವ ಎಳೆದುಕೊಂಡು ತಗಡನ್ನು ಸದಾ ಒದ್ದೆ ಇಡುತ್ತದೆ. ಮೇಲಿನಿಂದ ಮ್ಯಾಟ್ ಚಂದ ಕಾಣುತ್ತಿರುತ್ತದೆ. ಎತ್ತಿ ನೋಡಿದರೆ ಕೆಂಪು ಪುಡಿ. ಎರಡು ತಗಡು ಒಂದರ ಮೇಲೊಂದು ಕೂತ ಜಾಗದಲ್ಲಂತೂ ಇನ್ನೂ ಕಷ್ಟ, ಕಬ್ಬಿಣಕ್ಕಿಂತ ತುಕ್ಕು ಜಾಸ್ತಿ ಜಾಗ ಹಿಡಿಯುವುದರಿಂದ ಅದು ಒಳಗೇ ಉಬ್ಬಿ ವೆಲ್ಡಿಂಗನ್ನೇ ಬಿಡಿಸಿಬಿಡುತ್ತದೆ. ಬಾಗಿಲಿನ ಅಡಿಭಾಗ, ಹತ್ತುವ ಮೆಟ್ಟಿಲು, ಮುಂದಿನ ಗ್ಲಾಸಿನ ಸುತ್ತಲಿನ ರಬ್ಬರ್ ಬೀಡಿಂಗ್ ಒಳಗಿನ ಮೂಲೆ, ಎಲ್ಲ ಕಡೆ ಇದೇ ಕಥೆ.

ಆಗ ಎಲ್ಲರೂ ಮಾಡುವುದು ಏನು? ಟಿಂಕರಿಂಗ್‌ನವರ ಹತ್ತಿರ ಹೋಗಿ ಒಂದು ತಗಡಿನ ತುಂಡು ಹಚ್ಚಿಸುವುದು, ಮೇಲೆ ಪುಟ್ಟಿ ಮೆತ್ತಿ ಪೇಂಟ್ ಹೊಡೆಸುವುದು. ಎಫ್‌ಸಿ ದಿನ ಗಾಡಿ ಮದುಮಗನ ಹಾಗೆ ನಿಂತಿರುತ್ತದೆ. ಪಾಸ್. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಪುಟ್ಟಿ ನೀರು ಕುಡಿದು ಗುಳ್ಳೆ ಎದ್ದು, ಹಚ್ಚಿದ ತಗಡಿನ ಸುತ್ತಲೇ ಹೊಸ ತೂತು. ಮತ್ತೆ ತಗಡು, ಮತ್ತೆ ಪುಟ್ಟಿ. ನನ್ನ ಗಾಡಿಯನ್ನು ಬಿಚ್ಚಿದಾಗ ಟಿಂಕರಿಂಗ್ ಹುಡುಗ ಸ್ಕ್ರೂಡ್ರೈವರ್ ತಗೊಂಡು ಫ್ಲೋರಿಗೆ ಮೆಲ್ಲಗೆ ಒತ್ತಿದ. ಅದು ಹಿಡಿಯವರೆಗೆ ಒಳಗೆ ಹೋಯಿತು. "ಅಣ್ಣಾ, ಇದ್ರಲ್ಲಿ ತಗಡೇ ಇಲ್ಲ ಮಾರಾಯ್ರೆ, ಬರೀ ಪೇಂಟ್ ಉಂಟು" ಅಂದ.

ಇದು ಅಂದಚಂದದ ಪ್ರಶ್ನೆಯಾಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಡ್ರೈವರ್ ಸೀಟಿನ ಬೋಲ್ಟುಗಳು ನಿಂತಿರುವುದು ಆ ಫ್ಲೋರಿನ ಮೇಲೆ. ಸೀಟ್ ಬೆಲ್ಟಿನ ಕೆಳಗಿನ ಕೊಂಡಿ ಇರುವುದೂ ಅಲ್ಲೇ ಆಸುಪಾಸು. ಫ್ಲೋರ್ ಕೊಳೆತಿದ್ದರೆ ಬೆಲ್ಟ್ ಹಾಕಿಯೂ ಹಾಕದ ಹಾಗೇ ಅಲ್ವಾ? ಇಡೀ ಕ್ಯಾಬಿನ್ ಚಾಸಿಯ ಮೇಲೆ ಕೂತಿರುವುದು ಕೆಲವೇ ಕೆಲವು ಬೋಲ್ಟು, ರಬ್ಬರ್ ಬುಷ್‌ಗಳ ಮೇಲೆ. ಬೋಲ್ಟ್ ಹಾದುಹೋಗುವ ಜಾಗದ ತಗಡು ತಿಂದುಹೋಗಿದ್ದರೆ ಗುದ್ದಿದಾಗ ಕ್ಯಾಬಿನ್ ಒಂದು ಕಡೆ, ಚಾಸಿ ಒಂದು ಕಡೆ. ದೊಡ್ಡ ಲಾರಿಗಳಿಗೆ 2025ರ ಅಕ್ಟೋಬರ್‌ನಿಂದ ತಯಾರಾಗುವ ಕ್ಯಾಬಿನ್‌ಗಳಲ್ಲಿ ಎಸಿ ಕಡ್ಡಾಯ ಮಾಡಿದ್ದಾರೆ, ಒಳ್ಳೆಯದೇ, ಡ್ರೈವರ್ ಕೂಡ ಮನುಷ್ಯನೇ. ನಮ್ಮ ಸಣ್ಣ ಗಾಡಿಯವರು ಎಸಿ ಕೇಳುತ್ತಿಲ್ಲ, ಕಾಲಡಿಗೆ ಗಟ್ಟಿ ತಗಡು ಇದ್ದರೆ ಸಾಕು.

ಹಾಗಾದರೆ ಸರಿಯಾದ ದಾರಿ ಯಾವುದು? ಕ್ಯಾಬಿನ್ ಪೂರ್ತಿ ಬದಲಿಸುವುದು. ಪಿಕಪ್‌ಗಳಲ್ಲಿ ಇದು ಆಗುವ ಕೆಲಸವೇ. ಈಗಿನ ಕಾರುಗಳ ಹಾಗೆ ಬಾಡಿ, ಚಾಸಿ ಒಂದೇ ಅಲ್ಲ. ಬ್ಯಾಟರಿ ಬಿಚ್ಚಿ, ಸ್ಟೀರಿಂಗ್, ಬ್ರೇಕ್ ಮತ್ತು ಕ್ಲಚ್ ಪೈಪು, ಗೇರ್ ಲಿವರ್, ವೈರಿಂಗ್ ಎಲ್ಲ ಕಳಚಿ, ಬುಷ್‌ನ ಬೋಲ್ಟ್ ತೆಗೆದರೆ (ತೆಗೆಯಲು ಬಂದರೆ! ನಮ್ಮಲ್ಲಿ ಗ್ರೈಂಡರ್‌ನಲ್ಲಿ ಕೊಯ್ಯುವುದೇ ಹೆಚ್ಚು) ಚೈನ್ ಬ್ಲಾಕ್ ಹಾಕಿ ಎತ್ತಿಬಿಡಬಹುದು. ಕ್ಯಾಬಿನ್ ಎತ್ತಿದ ಮೇಲೆ ಚಾಸಿ ಪೂರ್ತಿ ಕಣ್ಣಿಗೆ ಬೀಳುತ್ತದೆ, ಬೇರೆ ಯಾವಾಗಲೂ ಬ್ರಶ್ ತಲುಪದ ಜಾಗ ಉಜ್ಜಿ ಪ್ರೈಮರ್ ಹೊಡೆಯಲು ಅದೊಂದೇ ಅವಕಾಶ. ಬ್ರೇಕ್ ಪೈಪುಗಳೂ ತುಕ್ಕು ಹಿಡಿದಿದ್ದರೆ ಆಗಲೇ ಕಾಣುತ್ತವೆ. ಹೊಸ ಬುಷ್ ಹಾಕಿ ಕೂರಿಸಿ, ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆದು, ಬಾಗಿಲಿನ ಒಳಗೆ ಮತ್ತು ಮೆಟ್ಟಿಲಿನ ಟೊಳ್ಳಿನೊಳಗೆ ವ್ಯಾಕ್ಸ್ ಸ್ಪ್ರೇ ಮಾಡಿಸಿ, ನೀರು ಹೋಗುವ ತೂತುಗಳನ್ನು ಮುಚ್ಚದೆ ಬಿಟ್ಟರೆ, ತಗಡು ಹಚ್ಚಿದ್ದಕ್ಕಿಂತ ಎಷ್ಟೋ ವರ್ಷ ಜಾಸ್ತಿ ಬರುತ್ತದೆ.

ಕಂಪನಿಯ ಹೊಸ ಕ್ಯಾಬಿನ್ ಶೆಲ್ ತರುವಷ್ಟು ಎಲ್ಲರ ಹತ್ತಿರ ಇರುವುದಿಲ್ಲ. ತುಕ್ಕಿಗೆ ಇನ್ಶೂರೆನ್ಸ್‌ನಿಂದ ನಯಾಪೈಸೆ ಬರುವುದಿಲ್ಲ, ಸವೆತ ಎಂದು ಬಿಡುತ್ತಾರೆ. ಹಾಗಾಗಿ ನಾವು ಹುಡುಕುವುದು ಬಯಲುಸೀಮೆಯ ಗುಜರಿಯಲ್ಲಿ, ಹಿಂದಿನಿಂದ ಪೆಟ್ಟು ಬಿದ್ದು ಮೂಲೆ ಸೇರಿದ ಅದೇ ಮಾಡೆಲ್ ಗಾಡಿಯ ಕ್ಯಾಬಿನ್. ಮುಂಭಾಗಕ್ಕೆ ಏನೂ ಆಗಿರುವುದಿಲ್ಲ, ಒಣ ಊರಿನಲ್ಲಿದ್ದ ಕಾರಣ ಫ್ಲೋರ್ ಗಟ್ಟಿ ಇರುತ್ತದೆ. ಆದರೆ ಬಿಲ್ ಕೇಳಿದರೆ ಗುಜರಿಯವರು ಮುಖ ನೋಡುತ್ತಾರೆ. ಬಿಲ್ ಇಲ್ಲದ ಕ್ಯಾಬಿನ್ ಯಾರ ಗಾಡಿಯದ್ದೋ, ಕದ್ದದ್ದೋ, ನಾಳೆ ಪೊಲೀಸರು ನಿಲ್ಲಿಸಿದರೆ ಉತ್ತರ ಹೇಳಬೇಕಾದವನು ನಾನು.

ನನ್ನ ತಕರಾರು ಇರುವುದು ಇದರ ಮುಂದಿನ ಹಂತದಲ್ಲಿ. ತಗಡು ಹಚ್ಚಿ ಪೇಂಟ್ ಹೊಡೆದ ಗಾಡಿಯನ್ನು ಒಬ್ಬರೂ ಕೇಳುವುದಿಲ್ಲ. ಇಡೀ ಕ್ಯಾಬಿನ್ ಬದಲಿಸಿದ್ದೇನೆ ಎಂದು ಪ್ರಾಮಾಣಿಕವಾಗಿ ಹೇಳಿಕೊಂಡು ಆರ್‌ಟಿಒಗೆ ಹೋದರೆ ಪ್ರಶ್ನೆ ಮೇಲೆ ಪ್ರಶ್ನೆ. ಒಂದು ಕಡೆ "ಇದು ಆಲ್ಟರೇಶನ್, ಆಗೋದಿಲ್ಲ" ಎಂದರು. ಇನ್ನೊಂದು ಕಡೆ "ಹೇಳ್ಬೇಡಿ, ಸುಮ್ನೆ ಹಾಕ್ಕೊಳ್ಳಿ" ಎಂದರು. ಎರಡನೆಯ ಸಲಹೆ ಕೊಟ್ಟವರು ತಮಾಷೆ ಮಾಡಿದ್ದಲ್ಲ.

ಕಾನೂನು ನೋಡಿದರೆ ಇಷ್ಟು ಗೊಂದಲ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಎಂದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಹೇಳಿದ್ದೂ ಅದನ್ನೇ. ಆಲ್ಟರೇಶನ್ ಎಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ಬದಲಾವಣೆ ಎಂದು ಅದೇ ಸೆಕ್ಷನ್ ವಿವರಣೆಯನ್ನೂ ಕೊಟ್ಟಿದೆ. ಕೊಳೆತ ಕ್ಯಾಬಿನ್ ತೆಗೆದು ಅದೇ ಕಂಪನಿಯ, ಅದೇ ಮಾಡೆಲಿನ, ಅದೇ ಅಳತೆಯ ಕ್ಯಾಬಿನ್ ಕೂರಿಸಿದರೆ ಯಾವ ಮೂಲ ಲಕ್ಷಣ ಬದಲಾಯಿತು? ಎಂಜಿನ್ ನಂಬರ್ ಅದೇ. ಇಂಥ ಗಾಡಿಗಳಲ್ಲಿ ಚಾಸಿ ನಂಬರ್ ಪಂಚ್ ಆಗಿರುವುದು ಕೆಳಗಿನ ಫ್ರೇಮಿನ ಮೇಲೆ, ಅದನ್ನು ಯಾರೂ ಮುಟ್ಟಿಲ್ಲ. ಸಿಂಗಲ್ ಕ್ಯಾಬಿನ್ ತೆಗೆದು ಡಬಲ್ ಕ್ಯಾಬಿನ್ ಹಾಕಿದರೆ ಬೇಡ ಅನ್ನಿ, ಒಪ್ಪುತ್ತೇನೆ. ಬಣ್ಣ ಬೇರೆ ಆದರೆ ಆರ್‌ಸಿಯಲ್ಲಿ ಬರೆಸಬೇಕು, ಅದೂ ಸರಿ.

ನಿಜವಾದ ತೊಡಕು ಕಂಪನಿಯ ಪ್ಲೇಟಿನದು. ಕ್ಯಾಬಿನ್ ಒಳಗೆ ರಿವೆಟ್ ಹೊಡೆದ ಸಣ್ಣ ಪ್ಲೇಟಿನಲ್ಲೂ ಚಾಸಿ ನಂಬರ್ ಇರುತ್ತದೆ. ಗುಜರಿಯಿಂದ ತಂದ ಕ್ಯಾಬಿನ್‌ನಲ್ಲಿ ಬೇರೆ ಗಾಡಿಯ ನಂಬರಿನ ಪ್ಲೇಟ್ ಇದ್ದರೆ ಅನುಮಾನ ಬರುವುದು ಸಹಜ. ಕದ್ದ ಗಾಡಿಗಳ ನಂಬರ್ ಬದಲಿಸುವವರು ಇದ್ದಾರೆ, ಅದಕ್ಕೆ ಅಧಿಕಾರಿಗಳು ಹೆದರುತ್ತಾರೆ, ಆ ಹೆದರಿಕೆಯಲ್ಲಿ ತಪ್ಪಿಲ್ಲ. ಅದಕ್ಕೇ ಹೇಳುತ್ತಿರುವುದು, ಬಾಯಿಮಾತಿನಲ್ಲಿ ಬೇಡ, ಒಂದು ಕ್ರಮ ಮಾಡಿ. ಹಳೇ ಕ್ಯಾಬಿನ್ ಬಿಚ್ಚುವ ಮೊದಲು ಆರ್‌ಟಿಒಗೆ ಅರ್ಜಿ, ಕ್ಯಾಬಿನ್‌ನ ಬಿಲ್, ಯಾವ ಗಾಡಿಯಿಂದ ಬಂತೋ ಅದು ಗುಜರಿಗೆ ಹೋಗಿದೆ ಎನ್ನುವ ದಾಖಲೆ, ಬಿಚ್ಚಿದಾಗ ಚಾಸಿ ನಂಬರಿನ ಫೋಟೊ, ಕೂರಿಸಿದ ಮೇಲೆ ಆರ್‌ಟಿಒ ಇನ್‌ಸ್ಪೆಕ್ಟರ್ ನೋಡಿ ಆರ್‌ಸಿ ದಾಖಲೆಯಲ್ಲಿ ಒಂದು ಸಾಲು. ನೋಂದಾಯಿತ ಗುಜರಿ ಕೇಂದ್ರಗಳಿಗೆ 2021ರಲ್ಲೇ ನಿಯಮ ಬಂದಿದೆ. ಅಲ್ಲಿಗೆ ಬರುವ ಗಾಡಿಗಳ ಒಳ್ಳೆಯ ಕ್ಯಾಬಿನ್‌ಗಳನ್ನು ಒಡೆದು ಕಬ್ಬಿಣದ ತೂಕಕ್ಕೆ ಹಾಕುವ ಬದಲು ಬಿಲ್ ಕೊಟ್ಟು ಮಾರಿದರೆ ಅವರಿಗೂ ಲಾಭ, ನಮಗೂ ಕದ್ದ ಮಾಲಿನ ಭಯವಿಲ್ಲ.

ಎಫ್‌ಸಿ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ಈಗ ಎಲ್ಲ ಕಡೆ ಯಂತ್ರದ ಪರೀಕ್ಷಾ ಕೇಂದ್ರ ಬರುತ್ತಿದೆ. ಯಂತ್ರಕ್ಕೆ ಬ್ರೇಕ್, ಹೆಡ್‌ಲೈಟ್, ಹೊಗೆ ಗೊತ್ತಾಗುತ್ತದೆ, ಮ್ಯಾಟಿನ ಅಡಿ ಏನಿದೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಬ್ರೇಕ್ ಇನ್‌ಸ್ಪೆಕ್ಟರೇ (ಆರ್‌ಟಿಒ ಇನ್‌ಸ್ಪೆಕ್ಟರನ್ನು ನಾವು ಕರೆಯುವುದು ಹಾಗೆ) ಮ್ಯಾಟ್ ಎತ್ತಬೇಕು, ಅಡಿಯಿಂದ ಟಾರ್ಚ್ ಬಿಟ್ಟು ಬುಷ್‌ನ ಜಾಗ ನೋಡಬೇಕು, ಒಂದು ಸಣ್ಣ ಸುತ್ತಿಗೆಯಲ್ಲಿ ತಟ್ಟಬೇಕು. ಕರಾವಳಿಯ ಮೂರು ಜಿಲ್ಲೆಗಳಲ್ಲಿ ಮೀನಿನ ಗಾಡಿಗಳಿಗೆ ಇದನ್ನು ಕಡ್ಡಾಯ ಮಾಡಿದರೆ ಫೇಲ್ ಆಗುವ ಗಾಡಿ ಬಹಳ ಇರುತ್ತವೆ. ನಮ್ಮವರೇ ನನ್ನನ್ನು ಬೈಯುತ್ತಾರೆ, ಬೈಯಲಿ.

ಕೊನೆಗೆ ಸಮಯದ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ, ನಮ್ಮ ಗಾಡಿಗಳಿಗೂ ಹೆಚ್ಚುಕಡಿಮೆ ರಜೆಯೇ. ಗ್ಯಾರೇಜಿಗೆ ಎಲ್ಲರೂ ಹೋಗುವುದು ಆಗಲೇ. ಆದರೆ ಆ ಮಳೆಯಲ್ಲಿ ಉಜ್ಜಿದ ತಗಡು ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ, ಪೇಂಟ್ ಸರಿಯಾಗಿ ಕಚ್ಚುವುದಿಲ್ಲ. ಕ್ಯಾಬಿನ್ ಕೆಲಸಕ್ಕೆ ಒಳ್ಳೆಯ ಕಾಲ ಏಪ್ರಿಲ್, ಮೇ. ಆ ಹೊತ್ತಿಗೆ ಅರ್ಜಿ ಕೊಟ್ಟವರಿಗೆ ವಾರದೊಳಗೆ ಅನುಮತಿ ಸಿಗುವಂತೆ ಸಾರಿಗೆ ಇಲಾಖೆ ನೋಡಿಕೊಳ್ಳಬೇಕು. ಯಾವ ಕಾಗದ ಬೇಕು, ಎಷ್ಟು ಶುಲ್ಕ ಎಂದು ಕನ್ನಡದಲ್ಲಿ ಬರೆದು ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ ಮತ್ತು ಮಂಗಳೂರಿನ ಮೀನುಗಾರಿಕೆ ದಕ್ಕೆಯಲ್ಲಿ ಒಂದೊಂದು ಬೋರ್ಡ್ ಹಾಕಿಸಿದರೂ ನಡೆಯುತ್ತದೆ. ಅಲ್ಲಿಯವರೆಗೆ ಕ್ಯಾಬಿನ್ ಬದಲಿಸಲು ಹೊರಟವರಿಗೆ ನಾನು ಹೇಳುವುದಿಷ್ಟೆ: ಬಿಲ್ ಕೊಡದ ಗುಜರಿಯಲ್ಲಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕ್ಯಾಬಿನ್ ತರಬೇಡಿ, ಬಿಚ್ಚುವ ಮೊದಲೇ ಆರ್‌ಟಿಒಗೆ ಬರೆದು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

ಇಂತಿ,
ಒಬ್ಬ ಪಿಕಪ್ ಮಾಲೀಕ
ಕುಂದಾಪುರ ತಾಲ್ಲೂಕು