ಹೊಗೆಯೊಳಗಿನ ಬೆಂಕಿಗೂ ನಕ್ಷೆ ಬೇಕು

ಮಾನ್ಯರೇ,

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ಮೇಲಿಂದ ನೀರು ಸುರಿದವು. ಕೆಳಗಿದ್ದವರು ಹಸಿ ಸೊಪ್ಪಿನ ಕೊಂಬೆ ಹಿಡಿದು, ದಟ್ಟ ಹೊಗೆಯಲ್ಲಿ ಬೆಂಕಿ ಬಡಿದರು. ಉಪಗ್ರಹದ ಎಚ್ಚರಿಕೆ ಉಪಯುಕ್ತವೇ, ಆದರೆ ಉಪಗ್ರಹದಿಂದ ಬೆಂಕಿ ಗುರುತಿಸುವ ವಿಐಐಆರ್‌ಎಸ್ ಸಂವೇದಕದ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ಸುಮಾರು 375 ಮೀಟರ್ ಅಗಲದ ಕಾಡು; ಉರಿಯ ಅಂಚು ಎಲ್ಲಿದೆಯೆಂದು ಅದರಿಂದ ನಿಖರವಾಗಿ ತಿಳಿಯದು. ಅಮೆರಿಕದ ಅರಣ್ಯ ಸೇವೆಯ ವಿಮಾನಗಳು, ನೆಲ ತಣ್ಣಗಾದ ರಾತ್ರಿಯಲ್ಲಿ ಹಾರಿ, ಹೊಗೆಯನ್ನೂ ತೂರಿ ಬರುವ ಅವಗೆಂಪು (ಇನ್‌ಫ್ರಾರೆಡ್) ಕಿರಣಗಳಿಂದ ಉರಿಯ ಅಂಚನ್ನು ಗುರುತಿಸುತ್ತವೆ. ಬೆಳಗಾಗುವಷ್ಟರಲ್ಲಿ ನಕ್ಷೆ ತಂಡಗಳ ಕೈಯಲ್ಲಿರುತ್ತದೆ. ಆರಿತೆಂದು ಬಿಟ್ಟುಬಂದ ಮರದ ಬುಡದಲ್ಲಿ ಉಳಿದ ಕೆಂಡವೇ ಮಧ್ಯಾಹ್ನದ ಗಾಳಿಗೆ ಮತ್ತೆ ಲಂಟಾನಾ ಪೊದೆಗೆ ಹತ್ತುತ್ತದೆ. ಅಂಥ ಬಿಸಿಯನ್ನು ಥರ್ಮಲ್ ಕ್ಯಾಮೆರಾ ಹೊತ್ತ ಡ್ರೋನ್ ಕೂಡ ಹುಡುಕಬಲ್ಲದು. ಬೇಸಿಗೆಗೆ ಮುನ್ನವೇ ಸರ್ಕಾರ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇಂಥ ವ್ಯವಸ್ಥೆಯನ್ನು, ಅದನ್ನು ನಡೆಸಬಲ್ಲ ತರಬೇತಾದ ಸಿಬ್ಬಂದಿಯನ್ನು ಒದಗಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಗುಂಡ್ಲುಪೇಟೆ